ಕಡಲ ತೀರದ ಊರಿಗೆ ಹೋಗುವ ಮೊದಲು ಕಡಲಿನ ಟೈಮ್ ಕೇಳಿ

ನಮಸ್ಕಾರ. ಗೆಳೆಯರ ಜೊತೆ ಕಡಲ ತೀರದ ಊರಿಗೆ ಟ್ರಿಪ್ ಹಾಕುತ್ತಿದ್ದೀರಾ? ನೋಡುವ ಜಾಗಗಳ ಲಿಸ್ಟ್ ಆಗಲೇ ರೆಡಿ ಇದೆ, ಅಲ್ವಾ? ಸ್ವಲ್ಪ ಹೊತ್ತು ಅದನ್ನು ಪಕ್ಕಕ್ಕಿಡಿ.

ಒಂದು ಸಲ ನಾವು ಆರು ಜನ ಹೋಗಿದ್ದೆವು. ಎರಡು ದಿನ, ಹನ್ನೊಂದು ಜಾಗ. ಎಲ್ಲಿ ಎಷ್ಟು ನಿಮಿಷ ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದೆವು. ಮೊದಲ ದಿನ ಬೆಳಿಗ್ಗೆ 11 ಗಂಟೆಗೆ ಒಂದು ಹಳೇ ಕೋಟೆ. ದಡದಿಂದ ಸ್ವಲ್ಪ ಆಚೆ, ನೀರಿನ ನಡುವೆ ಬಂಡೆಯ ಮೇಲಿದೆ. ಅಲ್ಲಿಗೆ ಕಲ್ಲಿನ ದಾರಿ ಇರುವುದನ್ನು ಫೋಟೊಗಳಲ್ಲಿ ನೋಡಿದ್ದೆವು. ಹೋಗಿ ನಿಂತರೆ ದಾರಿಯೇ ಇಲ್ಲ. ಬರೀ ನೀರು. ದಡದಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಅಜ್ಜ ತಲೆ ಎತ್ತದೆ ಹೇಳಿದರು: ‘ಈಗ ಭರತ, ನೀರು ಏರಿದೆ. ದಾರಿ ಕಾಣಬೇಕಾದರೆ ಸಂಜೆ ಬನ್ನಿ, ಇಲ್ಲ ನಾಳೆ ಬೆಳಗಿನ ಜಾವ ಬನ್ನಿ.’

ನಮ್ಮ ಲಿಸ್ಟಿನಲ್ಲಿ ಊರಿನ ಎಲ್ಲ ವಿಷಯ ಇತ್ತು. ಸಮುದ್ರದ ವಿಷಯ ಮಾತ್ರ ಇರಲಿಲ್ಲ. ನನ್ನ ಇವತ್ತಿನ ಮಾತು ಇಷ್ಟೇ. ಕಡಲ ತೀರದ ಊರಿನಲ್ಲಿ ನಿಮ್ಮ ದಿನವನ್ನು ಲಿಸ್ಟ್ ನೋಡಿ ಹೊಂದಿಸಬೇಡಿ, ಸಮುದ್ರವನ್ನು ನೋಡಿ ಹೊಂದಿಸಿ.

ಭರತ, ಇಳಿತದ ಲೆಕ್ಕ ಕಷ್ಟದ್ದಲ್ಲ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಸಮಯಕ್ಕೆ ಸುಮಾರು 50 ನಿಮಿಷ ಸೇರಿಸಿದರೆ ನಾಳೆಯ ಸಮಯ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಆಗ ನೀರು ಜಾಸ್ತಿ ಏರುತ್ತದೆ, ಇಳಿಯುವಾಗಲೂ ಜಾಸ್ತಿ ಹಿಂದೆ ಸರಿಯುತ್ತದೆ. ಎಲ್ಲ ಕಡೆ ಒಂದೇ ಥರ ಅಲ್ಲ. ಮೆಡಿಟರೇನಿಯನ್ ತೀರದ ಬಹಳಷ್ಟು ಕಡೆ ಈ ಏರಿಳಿತ ಕಣ್ಣಿಗೇ ಬೀಳುವುದಿಲ್ಲ. ಫ್ರಾನ್ಸಿನ ಮೋಂ ಸೇಂ ಮಿಷೆಲ್ ದ್ವೀಪದ ಸುತ್ತ ದೊಡ್ಡ ಭರತದ ದಿನ ನೀರಿನ ಮಟ್ಟ 14 ಮೀಟರಿನಷ್ಟು ಏರಿಳಿಯುತ್ತದೆ. ಮುಂಬೈನ ಹಾಜಿ ಅಲಿ ದರ್ಗಾದ ಹಾದಿಯೂ ಭರತಕ್ಕೆ ಮುಳುಗುತ್ತದೆ, ಅದು ನಿಮಗೆ ಗೊತ್ತಿರಬಹುದು. ನೀವು ಹೋಗುವ ಊರಿನ ಭರತ, ಇಳಿತದ ಟೈಮ್ ಟೇಬಲ್ ಮೊಬೈಲಿನಲ್ಲೇ ಸಿಗುತ್ತದೆ. ರೂಮ್ ಬುಕ್ ಮಾಡುವ ದಿನವೇ ಅದನ್ನೂ ನೋಡಿಬಿಡಿ.

ನಾವು ಮರುದಿನ ಬೆಳಕು ಹರಿಯುವ ಹೊತ್ತಿಗೆ ಮತ್ತೆ ಹೋದೆವು. ದಾರಿ ಎದ್ದು ಕೂತಿತ್ತು. ಕಲ್ಲೆಲ್ಲ ಒದ್ದೆ, ಪಾಚಿ ಜಾರುತ್ತಿತ್ತು. ಬಂಡೆಯ ಸಂದಿಗಳಲ್ಲಿ ಅಂಗೈಯಗಲದ ಗುಂಡಿಗಳು, ಅದರಲ್ಲಿ ಉಳಿದ ನೀರು. ಒಂದರಲ್ಲಿ ಉಗುರಿನಷ್ಟು ಸಣ್ಣ ಏಡಿ. ಯಾವುದೋ ಶಂಖದ ಚಿಪ್ಪನ್ನು ಮನೆ ಮಾಡಿಕೊಂಡು ಬೆನ್ನ ಮೇಲೆ ಹೊತ್ತು ತಿರುಗುತ್ತಿತ್ತು. ನೆರಳು ಬಿದ್ದರೆ ಸಾಕು, ಸರಕ್ಕನೆ ಒಳಗೆ. ಆರು ಜನ ಮಂಡಿಯೂರಿ ಅರ್ಧ ಗಂಟೆ ಅದನ್ನೇ ನೋಡಿದೆವು. ಕೋಟೆಗೆ ಅಂತ ಲಿಸ್ಟಿನಲ್ಲಿ ಇಟ್ಟಿದ್ದು ಇಪ್ಪತ್ತು ನಿಮಿಷ.

ಇನ್ನು ಗಾಳಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಆಗ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ. ಆದ್ದರಿಂದಲೇ ಬೆಳಿಗ್ಗೆ ತೀರದ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಬಿಸಿಲು ಏರಿದಂತೆ ನೆಲ ಕಾಯುತ್ತದೆ, ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ಬೀಸತೊಡಗುತ್ತದೆ. ಮಧ್ಯಾಹ್ನದ ನಂತರ ಅದರ ಜೋರು ಜಾಸ್ತಿ. ದೋಣಿಯಲ್ಲಿ ಹೋಗುವ ಆಸೆ ಇದ್ದರೆ ಬೆಳಿಗ್ಗೆಯೇ ಹೋಗಿ. ಗುಂಪಿನಲ್ಲಿ ಒಬ್ಬರಿಗಾದರೂ ತಲೆಸುತ್ತು, ವಾಂತಿ ಬರುವವರು ಇದ್ದೇ ಇರುತ್ತಾರೆ. ಅವರಿಗಾಗಿಯಾದರೂ ಅಲೆ ಕಡಿಮೆ ಇರುವ ಹೊತ್ತು ನೋಡಿ. ಮಧ್ಯಾಹ್ನ ಮ್ಯೂಸಿಯಂ, ಹಳೇ ಬಂದರಿನ ಓಣಿಗಳು, ನೆರಳಿರುವ ಕಡೆ ಇರಿ. ತೀರದ ಗಾಳಿ ಮೈಗೆ ತಂಪು ಅನ್ನಿಸುತ್ತದೆ, ಆದರೆ ಚರ್ಮ ಸುಡುತ್ತಲೇ ಇರುತ್ತದೆ. ರಾತ್ರಿ ಅಂಗಿ ಬಿಚ್ಚುವಾಗಲೇ ಅದು ಗೊತ್ತಾಗುವುದು.

ಇನ್ನೊಂದು ಮಾತು, ಇದು ಗೆಳೆಯರ ಬಗ್ಗೆ. ಟ್ರಿಪ್ ಅಂದಮೇಲೆ ಇಡೀ ದಿನ ಎಲ್ಲರೂ ಅಂಟಿಕೊಂಡೇ ಇರಬೇಕು ಅಂತ ಯಾಕೆ? ನಮ್ಮಲ್ಲಿ ಒಬ್ಬನಿಗೆ ಬಂದರಿನಲ್ಲಿ ಹಡಗಿಗೆ ಸಾಮಾನು ಹೇರುವುದನ್ನು ನೋಡುತ್ತ ಕೂರುವುದು ಇಷ್ಟ. ಇನ್ನೊಬ್ಬಳಿಗೆ ಪ್ರತಿ ಓಣಿಯೂ ಫೋಟೊ. ಒಬ್ಬನಿಗೆ ಸುಮ್ನೆ ಮಲಗಬೇಕು. ಇವರನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ ಎಳೆದರೆ ಎರಡನೇ ದಿನಕ್ಕೆ ಮುಖ ಊದಿಕೊಳ್ಳುತ್ತದೆ. ನಮಗೂ ಹಾಗೇ ಆಯಿತು. ಆಮೇಲೆ ಮಧ್ಯಾಹ್ನ ಅವರವರ ಪಾಡಿಗೆ ಬಿಟ್ಟೆವು, ಸಂಜೆ ಒಂದೇ ಕಡೆ ಸೇರಿದೆವು. ಹೇಳಲು ಪ್ರತಿಯೊಬ್ಬರ ಹತ್ತಿರ ಒಂದೊಂದು ಕಥೆ ಇತ್ತು.

ಆದರೆ ಇದು ನೆಲದ ಮೇಲಿನ ಮಾತು. ನೀರಿಗೆ ಇಳಿಯುವಾಗ ಯಾರೂ ಒಂಟಿಯಾಗಿ ಹೋಗಬಾರದು. ಇದರಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ಲ? ಬಹಳ ಸಲ ಅದು ನೀರಿನಡಿಯ ಮರಳು ದಿಬ್ಬಗಳ ನಡುವಿನ ಸಂದಿಯಲ್ಲಿ ನುಗ್ಗಿ ಹೋಗುತ್ತದೆ. ಇದೇ ರಿಪ್ ಕರೆಂಟ್, ಅಂದರೆ ಸೆಳವು. ಆ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ, ನೊರೆ ಕಡಿಮೆ, ನೀರು ಸ್ವಲ್ಪ ಕಪ್ಪಾಗಿ ಕಾಣುತ್ತದೆ. ನೋಡಿದರೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ. ಈಜು ಬರದವರು ಇಲ್ಲೇ ಇಳಿಯೋಣ ಅಂತ ಅದನ್ನೇ ಆರಿಸಿಕೊಳ್ಳುತ್ತಾರೆ. ಸೆಳವಿನ ವೇಗ ಸೆಕೆಂಡಿಗೆ 2.5 ಮೀಟರಿನವರೆಗೂ ಹೋಗಬಹುದು. ಅದಕ್ಕೆ ಎದುರಾಗಿ ಎಂಥ ಈಜುಗಾರನೂ ದಡ ಸೇರಲಾರ. ಅದು ನಿಮ್ಮನ್ನು ಅಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಬಿದ್ದರೆ ಎದುರು ಈಜಬೇಡಿ. ತೇಲಿ, ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡದ ಉದ್ದಕ್ಕೆ ಅಡ್ಡಡ್ಡ ಈಜಿ, ಸೆಳವಿನಿಂದ ಹೊರಬಿದ್ದ ಮೇಲೆ ದಡದ ಕಡೆ ತಿರುಗಿ.

ಗೆಳೆಯ ಕೊಚ್ಚಿ ಹೋಗುತ್ತಿದ್ದರೆ ಹಿಂದೆಮುಂದೆ ನೋಡದೆ ಜಿಗಿಯಬೇಡಿ. ಹೀಗೆ ಜಿಗಿದವರೇ ಮುಳುಗಿದ ಉದಾಹರಣೆಗಳು ಬೇಕಾದಷ್ಟಿವೆ. ಲೈಫ್‌ಗಾರ್ಡ್ ಕರೆಯಿರಿ. ಖಾಲಿ ಕ್ಯಾನ್, ಟ್ಯೂಬ್, ತೇಲುವಂಥದ್ದು ಏನಿದ್ದರೂ ಎಸೆಯಿರಿ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟ ಕಂಡರೆ ಅಲ್ಲಿ ಲೈಫ್‌ಗಾರ್ಡ್ ಇದ್ದಾರೆ ಅಂತ ಅರ್ಥ. ಅಂಥ ಎರಡು ಬಾವುಟಗಳ ನಡುವೆಯೇ ಇಳಿಯಿರಿ. ಬರೀ ಕೆಂಪು ಇದ್ದರೆ ಅವತ್ತು ನೀರು ಬೇಡ. ಕುಡಿದವರು ಯಾವ ಬಾವುಟ ಇದ್ದರೂ ಇಳಿಯುವ ಹಾಗಿಲ್ಲ. ‘ಹೆದರುಪುಕ್ಕಲ’ ಅಂತ ಗೆಳೆಯರು ಕಾಡಿಸಲಿ. ಆರು ಜನ ಹೋಗಿ ಆರು ಜನ ವಾಪಸ್ ಬರುವುದರ ಮುಂದೆ ಅದೇನು ದೊಡ್ಡದು?

ಸಂಜೆಗೆ ಒಂದು ಕೆಲಸ ಹೇಳುತ್ತೇನೆ. ಊರಿನಲ್ಲಿ ದೀಪಸ್ತಂಭ ಇದ್ದು, ಒಳಗೆ ಬಿಡುತ್ತಾರೆ ಅಂದರೆ ಹತ್ತಿ. ನೀರಿನಂಚಿನಲ್ಲಿ ನಿಂತಾಗ ನಿಮಗೆ ಕಾಣುವ ದಿಗಂತ ಸುಮಾರು 4.5 ಕಿ.ಮೀ. ಅಷ್ಟೇ ದೂರ. 36 ಮೀಟರ್ ಎತ್ತರದಿಂದ ನೋಡಿದರೆ ಅದು 21 ಕಿ.ಮೀ. ಆಚೆ ಹೋಗುತ್ತದೆ. ಬೆಳಿಗ್ಗೆ ಕಾಣದ ಹಡಗುಗಳು ಸಾಲಾಗಿ ನಿಂತಿರುವುದು ಆಗ ಕಾಣುತ್ತದೆ.

ಕತ್ತಲಾದ ಮೇಲೆ ಕೆಳಗೆ ಬಂದು ಮರಳಲ್ಲಿ ಕೂತು ದೀಪ ನೋಡಿ. ದೂರದ ನಾವಿಕರು ಇದು ಯಾವ ಊರು ಅಂತ ಗುರುತು ಹಿಡಿಯಲಿ ಅಂತ, ಅಕ್ಕಪಕ್ಕದ ದೀಪಸ್ತಂಭಗಳು ಬೇರೆಬೇರೆ ಲೆಕ್ಕದಲ್ಲಿ ಮಿನುಗುತ್ತವೆ. ನಾವು ಆರೂ ಜನ ಜೋರಾಗಿ ಎಣಿಸಿದೆವು. ಎರಡು ಸಲ ಮಿನುಗು, ಆಮೇಲೆ ಕತ್ತಲು. ಒಂದು, ಎರಡು, ಮೂರು... ಹದಿನೈದಕ್ಕೆ ಮತ್ತೆ ಬಂತು. ಮಧ್ಯಾಹ್ನದಿಂದ ಮಾತು ಬಿಟ್ಟಿದ್ದ ಇಬ್ಬರೂ ಒಟ್ಟಿಗೇ ‘ಹದಿನೈದು!’ ಅಂದರು.