ಸಪ್ಲೈಯರ್ ಕೈಗೆ ಎಷ್ಟು ಕೊಡೋಣ?

ಕೇಳುಗರೆಲ್ಲರಿಗೂ ನಮಸ್ಕಾರ.

ತಿಂಡಿ ಮುಗಿದಿದೆ. ಕಾಫಿ ಲೋಟ ಖಾಲಿಯಾಗಿದೆ. ಸಪ್ಲೈಯರ್ ಪುಟ್ಟ ತಟ್ಟೆಯಲ್ಲಿ ಬಿಲ್ಲು ಇಟ್ಟು, ಜೊತೆಗೆ ನಾಲ್ಕು ಕಾಳು ಸೋಂಪು, ಕಲ್ಲುಸಕ್ಕರೆ ಹಾಕಿ ಹೋಗಿದ್ದಾರೆ. ಬಿಲ್ಲು 210 ರೂಪಾಯಿ. ಜೇಬಿನಲ್ಲಿ ಇರುವುದು 250. ಮನೆಗೆ ಹೋಗಲು ಬಸ್ ಚಾರ್ಜು ಬೇಕು. ಈಗ ಆ ತಟ್ಟೆಯಲ್ಲಿ ಎಷ್ಟು ಬಿಡಬೇಕು? 20 ಬಿಟ್ಟರೆ ಜಾಸ್ತಿ ಆಯಿತಾ? 5 ಬಿಟ್ಟರೆ ಕಡಿಮೆ ಆಯಿತಾ? ಏನೂ ಬಿಡದೆ ಎದ್ದು ಹೋದರೆ ಅವರು ಏನು ಅಂದುಕೊಳ್ಳುತ್ತಾರೆ?

ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣ ಬೇಕಾ ಅಂತ ನಿಮಗೆ ಅನ್ನಿಸಬಹುದು. ನನಗೆ ಇದು ಸಣ್ಣ ವಿಷಯ ಅಲ್ಲ. ನನ್ನ ಚಿಕ್ಕಪ್ಪ ಕುಂದಾಪುರದ ಕಡೆಯ ಹಳ್ಳಿಯಿಂದ ಹೊರಟು ದಾವಣಗೆರೆ ಸೇರಿ, 20 ವರ್ಷಕ್ಕೂ ಹೆಚ್ಚು ಕಾಲ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಬೇಸಿಗೆ ರಜೆಯಲ್ಲಿ ನಾನು ಒಮ್ಮೆ ಅವರ ಜೊತೆ ಒಂದು ವಾರ ಇದ್ದೆ. ಹೋಟೆಲಿನ ಮಹಡಿಯ ಮೇಲೆ ಒಂದೇ ಕೋಣೆ, ಆರು ಚಾಪೆ. ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದ ಮೇಲೆ ಚಿಕ್ಕಪ್ಪ ಮೇಲೆ ಬಂದು, ಅಂಗಿಯ ಜೇಬನ್ನು ಚಾಪೆಯ ಮೇಲೆ ಸುರಿಯುತ್ತಿದ್ದರು. ಒಂದು ರೂಪಾಯಿ ಬೇರೆ, ಎರಡು ರೂಪಾಯಿ ಬೇರೆ, ಐದರದ್ದು ಬೇರೆ. ನಾಣ್ಯಗಳಿಗೆಲ್ಲ ಸಾಂಬಾರಿನ ವಾಸನೆ. ಎಣಿಸಿ, ಪೇಪರಿನಲ್ಲಿ ಸುತ್ತಿ, ತಗಡಿನ ಡಬ್ಬಿಗೆ ಹಾಕುತ್ತಿದ್ದರು. "ಸಂಬ್ಳ ಮನಿಗೆ, ಚಿಲ್ರೆ ನಂಗೆ" ಅನ್ನುತ್ತಿದ್ದರು. ಸಂಬಳ ಮನಿಯಾರ್ಡರ್ ಆಗಿ ಅಜ್ಜಿಗೆ ಹೋಗುತ್ತಿತ್ತು. ಸೋಪು, ಎಣ್ಣೆ, ದೀಪಾವಳಿಗೆ ಊರಿಗೆ ಬರುವ ಬಸ್ ಟಿಕೆಟ್, ಎಲ್ಲ ಆ ಡಬ್ಬಿಯಿಂದ. ನನ್ನ ಎಂಟನೇ ಕ್ಲಾಸಿನ ಸ್ಕೂಲ್ ಬ್ಯಾಗೂ ಆ ಡಬ್ಬಿಯಿಂದಲೇ ಬಂದಿತ್ತು.

ಆದ್ದರಿಂದ ಟಿಪ್ಸ್ ಎಷ್ಟು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಇದನ್ನೇ. ನೀವು ಕೊಡುವ ದುಡ್ಡು ಯಾರ ಕೈ ಸೇರುತ್ತದೆ? ದುಡ್ಡು ಜಾಸ್ತಿ ಇದ್ದವರು ಈ ಲೆಕ್ಕ ಬಿಟ್ಟರೂ ನಡೆದೀತು. ನಮ್ಮಂಥವರು ಕೊಡುವುದೇ 10 ರೂಪಾಯಿ, 20 ರೂಪಾಯಿ. ಅದು ದಾರಿ ತಪ್ಪಬಾರದು ಅಲ್ವಾ?

ಎಲ್ಲ ಕಡೆ ಕೊಡಬೇಕಾಗಿಯೂ ಇಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ದರ್ಶಿನಿಗಳು ಈಗ ಊರೂರಿಗೂ ಬಂದಿವೆ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರಿನಿಂದ ನೀವೇ ತಟ್ಟೆ ತಂದುಕೊಳ್ಳಿ, ನಿಂತೇ ತಿನ್ನಿ. ಅಲ್ಲಿ ಟಿಪ್ಸ್ ಕೇಳುವವರೂ ಇಲ್ಲ, ಕೊಡಬೇಕೆಂಬ ರೂಢಿಯೂ ಇಲ್ಲ. ತಿಂಗಳ ಕೊನೆಯಲ್ಲಿ ಕೈಯಲ್ಲಿ ಏನೂ ಉಳಿದಿಲ್ಲ ಅಂದರೆ ದರ್ಶಿನಿಗೆ ಹೋಗಿ ನೆಮ್ಮದಿಯಾಗಿ ತಿಂದು ಬನ್ನಿ. ಯಾರ ಮುಖ ನೋಡಿ ಸಂಕೋಚ ಪಡುವುದೂ ಬೇಡ.

ಕೂತು ತಿನ್ನುವ ಹೋಟೆಲಿನ ಮಾತು ಬೇರೆ. ಅಲ್ಲಿ ಒಬ್ಬರು ನೀರು ತರುತ್ತಾರೆ. ಏನಿದೆ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ನೀವು ಕೇಳಿದ್ದನ್ನು ಚೀಟಿ ಇಲ್ಲದೆ ನೆನಪಿಟ್ಟುಕೊಳ್ಳುತ್ತಾರೆ. ಚಟ್ನಿ ಮುಗಿದರೆ ಮತ್ತೆ ಹಾಕುತ್ತಾರೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಸಪ್ಲೈಯರ್ ಒಂದೇ ಕೈಯ ಮೇಲೆ ದೋಸೆ ತಟ್ಟೆಗಳನ್ನು ಭುಜದವರೆಗೂ ಜೋಡಿಸಿಕೊಂಡು ಬರುವುದನ್ನು ನೀವು ನೋಡಿರಬಹುದು. ಅದು ವರ್ಷಗಟ್ಟಲೆ ಕಲಿತ ಕೆಲಸ.

ಇಂಥ ಹೋಟೆಲಿನಲ್ಲಿ ನನ್ನ ಲೆಕ್ಕ ಹೀಗಿದೆ. ಬಿಲ್ಲು 100ರ ಒಳಗಿದ್ದರೆ 10 ರೂಪಾಯಿ. ಅದೂ ಕಷ್ಟ ಅಂದರೆ 5. ಇಬ್ಬರು ತಿಂಡಿ ತಿಂದು 200ರ ಆಸುಪಾಸು ಆದರೆ 20. ಮನೆಮಂದಿಯೆಲ್ಲ ಊಟ ಮಾಡಿ 500 ದಾಟಿದರೆ 30ರಿಂದ 40. ಎಸಿ ಹಾಲ್ ಇರುವ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ 1,000 ರೂಪಾಯಿ ಆದರೆ 50ರಿಂದ 100. ಇದಕ್ಕಿಂತ ಜಾಸ್ತಿ ಕೊಡುವ ಶಕ್ತಿ ಇದ್ದವರು ಕೊಡಲಿ, ಸಂತೋಷ. ಕೈ ಹಿಡಿದು ಖರ್ಚು ಮಾಡುವವರಿಗೆ ಇಷ್ಟು ಸಾಕು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಶೇಕಡಾ ಇಷ್ಟು ಅಂತ ಯಾಕೆ ಹೇಳಲಿಲ್ಲ ಅಂದರೆ, ಸಣ್ಣ ಬಿಲ್ಲಿಗೆ ಶೇಕಡಾ ಲೆಕ್ಕ ಹೊಂದುವುದಿಲ್ಲ. ಬೈ ಟು ಕಾಫಿಯನ್ನೇ ನೋಡಿ. ಒಂದು ಕಾಫಿಯ ದುಡ್ಡು, 30 ರೂಪಾಯಿ ಅಂತಿಟ್ಟುಕೊಳ್ಳಿ. ಶೇಕಡಾ 10 ಅಂದರೆ 3 ರೂಪಾಯಿ. ಆದರೆ ಸಪ್ಲೈಯರಿಗೆ ಎರಡು ಲೋಟ ನೀರು, ಎರಡು ಲೋಟ ಕಾಫಿ, ಮತ್ತೆ ಬಿಲ್ಲಿಗೆ ಒಂದು ಓಡಾಟ. ಸಾವಿರ ರೂಪಾಯಿಯ ಬಿರಿಯಾನಿ ತರಲೂ ಅವರು ನಡೆಯುವುದು ಅಷ್ಟೇ ದೂರ. ಅದಕ್ಕೇ ನಾನು ಬಿಲ್ಲಿಗಿಂತ ಓಡಾಟವನ್ನು ನೋಡುತ್ತೇನೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಿ, ಅನ್ನ ಚೆಲ್ಲಿ, ಬಿಸಿನೀರು ಎರಡು ಸಲ ಕೇಳಿ, ಒಂದು ಗಂಟೆ ಕೂತಿದ್ದರೆ 10 ರೂಪಾಯಿ ಜಾಸ್ತಿ ಇಡಲೇಬೇಕು.

ಖಾನಾವಳಿ, ಮೆಸ್ಸುಗಳಲ್ಲಿ ದಿನಾ ಉಣ್ಣುವ ವಿದ್ಯಾರ್ಥಿಗಳು, ಒಂಟಿ ಕೆಲಸಗಾರರು ದಿನಾ ಕೊಡಬೇಕಾಗಿಲ್ಲ. ಯುಗಾದಿಗೋ ದೀಪಾವಳಿಗೋ ನಾಲ್ಕು ಜನ ಸೇರಿಸಿ, ಬಡಿಸುವವರ ಕೈಗೆ, ಒಳಗೆ ರೊಟ್ಟಿ ಬಡಿಯುವ ಅಕ್ಕಂದಿರ ಕೈಗೆ ಒಂದಿಷ್ಟು ಕೊಟ್ಟರೆ ಆಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಟಿಪ್ಸ್ ಬಗ್ಗೆ ಯೋಚಿಸಬೇಕಾದ್ದು ಬಿಲ್ಲು ಬಂದ ಮೇಲಲ್ಲ, ಆರ್ಡರ್ ಕೊಡುವಾಗ. ಮೊದಲು ಹೇಳಿದ 250 ರೂಪಾಯಿಯನ್ನೇ ತಗೊಳ್ಳಿ. ಎರಡು ಮಸಾಲೆ ದೋಸೆ 160, ಎರಡು ಕಾಫಿ 50, ಒಟ್ಟು 210. ಆಗ ಪಕ್ಕದ ಟೇಬಲ್ಲಿಗೆ ಬಿಸಿ ಬಿಸಿ ವಡೆ ಬರುತ್ತದೆ, 40 ರೂಪಾಯಿ. ಆಸೆ ಆಗುತ್ತದೆ. ಆದರೆ ವಡೆ ಹೇಳಿದರೆ ಜೇಬು ಪೂರ್ತಿ ಖಾಲಿ. ಸಪ್ಲೈಯರಿಗೂ ಇಲ್ಲ, ಬಸ್ಸಿಗೂ ಇಲ್ಲ. ಆ ವಡೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡರೆ 20 ಸಪ್ಲೈಯರಿಗೆ, 20 ಬಸ್ಸಿಗೆ. ಒಳಗೆ ಕಾಲಿಡುವಾಗಲೇ ಆ 20 ರೂಪಾಯಿ ನನ್ನದಲ್ಲ ಅಂದುಕೊಂಡುಬಿಡಿ. ಆಮೇಲೆ ಬಿಲ್ಲು ನೋಡಿ ಎದೆ ಹೊಡೆದುಕೊಳ್ಳುವುದು ತಪ್ಪುತ್ತದೆ.

ಇನ್ನೊಂದು ಸಂಗತಿ ನನ್ನನ್ನು ತುಂಬಾ ಕಾಡುತ್ತದೆ. ಮೊದಲು ನಾವು 500ರ ನೋಟು ಕೊಡುತ್ತಿದ್ದೆವು, ತಟ್ಟೆಯಲ್ಲಿ ಚಿಲ್ಲರೆ ವಾಪಸ್ ಬರುತ್ತಿತ್ತು, ಅದರಲ್ಲಿ ಒಂದಿಷ್ಟು ಬಿಟ್ಟು ಏಳುತ್ತಿದ್ದೆವು. 2016ರಲ್ಲಿ ಯುಪಿಐ ಬಂತು. ಈಗ ಎಲ್ಲರೂ ಗಲ್ಲಾದ ಮುಂದೆ ಫೋನ್ ಹಿಡಿದು, 210 ಅಂದರೆ ಸರಿಯಾಗಿ 210 ಹಾಕಿ ಹೊರಟುಬಿಡುತ್ತೇವೆ. ಜಿಪುಣತನದಿಂದ ಅಲ್ಲ. ಚಿಲ್ಲರೆಯೇ ಕೈಗೆ ಬರುವುದಿಲ್ಲ, ಹಾಗಾಗಿ ನೆನಪೂ ಆಗುವುದಿಲ್ಲ. ಗಲ್ಲಾದ ಕ್ಯೂಆರ್ ಕೋಡಿಗೆ 20 ಸೇರಿಸಿ 230 ಹಾಕಿದರೆ ಅದು ಯಜಮಾನರ ಖಾತೆಗೆ ಹೋಗುತ್ತದೆ. ಅಲ್ಲಿಂದ ಸಪ್ಲೈಯರಿಗೆ ಬರುತ್ತದೋ ಇಲ್ಲವೋ, ಅದು ಆ ಹೋಟೆಲಿನ ಪದ್ಧತಿಗೆ ಬಿಟ್ಟದ್ದು. ಅದಕ್ಕೇ ನಾನು ಸಂಬಳ ಬಂದ ದಿನ 10ರ ನೋಟು, ನಾಣ್ಯ ಒಂದಿಪ್ಪತ್ತು ತಂದು ಬೇರೆ ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಕೆಲವು ಕಡೆ 10 ರೂಪಾಯಿ ನಾಣ್ಯ ನಡೆಯುವುದಿಲ್ಲ ಅನ್ನುತ್ತಾರೆ. ಅದು ಸುಮ್ನೆ ಹಬ್ಬಿದ ಮಾತು. ಎಲ್ಲ ನಮೂನೆಯ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕೇ ಹೇಳಿದೆ.

ನಗದು ಇಲ್ಲದೆ ಹೋದ ದಿನ, "ಅಣ್ಣಾ, ನಿಮ್ಮ ನಂಬರಿಗೆ ಹಾಕಲಾ?" ಅಂತ ಮೆಲ್ಲಗೆ ಕೇಳಿ. ಮೆಲ್ಲಗೆ ಅಂದದ್ದಕ್ಕೆ ಕಾರಣ ಇದೆ. ಕೆಲವು ಹೋಟೆಲುಗಳಲ್ಲಿ ಟಿಪ್ಸ್ ಎಲ್ಲ ಒಂದು ಡಬ್ಬಿಗೆ ಹೋಗಿ, ವಾರಕ್ಕೊಮ್ಮೆ ಸಪ್ಲೈಯರ್, ಕ್ಲೀನರ್, ಅಡುಗೆಯವರು ಎಲ್ಲರಿಗೂ ಹಂಚಿಕೆ ಆಗುತ್ತದೆ. ಡಬ್ಬಿ ಕಂಡರೆ ಡಬ್ಬಿಗೇ ಹಾಕಿ. ಪಾತ್ರೆ ತೊಳೆಯುವವರಿಗೂ ಪಾಲು ಸಿಗುವುದು ಆಗ ಮಾತ್ರ.

ಇನ್ನು ಸರ್ವಿಸ್ ಚಾರ್ಜ್. ಇದು ಟಿಪ್ಸೂ ಅಲ್ಲ, ತೆರಿಗೆಯೂ ಅಲ್ಲ. ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ, ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಶೇಕಡಾ 5. ಸರ್ವಿಸ್ ಚಾರ್ಜ್ ಹೋಟೆಲಿನವರು ತಾವೇ ಸೇರಿಸುವ ಮೊತ್ತ. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿ, ಇದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಅಂತ ಹೇಳಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬೇಡ ಅಂದರೆ ತೆಗೆಸಬಹುದು. ಒಪ್ಪದಿದ್ದರೆ 1915 ನಂಬರಿನ ಗ್ರಾಹಕ ಸಹಾಯವಾಣಿ ಇದೆ.

ನಾವೂ ಒಮ್ಮೆ ತೆಗೆಸಿದ್ದೇವೆ. ಐದು ಜನ ಗೆಳೆಯರು ಒಂದು ಎಸಿ ರೆಸ್ಟೋರೆಂಟಿಗೆ ಹೋಗಿದ್ದೆವು. 2,400 ರೂಪಾಯಿ ಊಟಕ್ಕೆ 240 ಸರ್ವಿಸ್ ಚಾರ್ಜ್ ಬಿದ್ದಿತ್ತು. ಹೇಳಿದೆವು, ಮ್ಯಾನೇಜರ್ ಹೊಸ ಬಿಲ್ಲು ತಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಆದರೆ ನಮಗೆ ಬಡಿಸಿದ ಹುಡುಗ ಹತ್ತಿರ ಬಂದು, "ಸರ್, ನನ್ನ ಸರ್ವಿಸ್ ಸರಿ ಇರ್ಲಿಲ್ವಾ?" ಅಂದ. ಅವನ ಮುಖ ಸಣ್ಣದಾಗಿತ್ತು. ಬಡಿಸಿದ್ದು ಚೆನ್ನಾಗಿರಲಿಲ್ಲ ಅಂತ ನಾವು ದುಡ್ಡು ತೆಗೆಸಿದೆವು ಅಂದುಕೊಂಡಿದ್ದ. ನನಗೆ ತುಂಬಾ ಸಂಕಟವಾಯಿತು. ತಲೆಗೆ 30ರಂತೆ 150 ಒಟ್ಟು ಮಾಡಿ ಅವನ ಕೈಗೇ ಕೊಟ್ಟೆವು. ಬಡಿಸಿದ್ದು ಚೆನ್ನಾಗಿತ್ತು ಅಂತ ಮ್ಯಾನೇಜರಿಗೆ ಕೇಳುವ ಹಾಗೆ ಹೇಳಿದೆವು. ನೀವು ಸರ್ವಿಸ್ ಚಾರ್ಜ್ ತೆಗೆಸುವುದಾದರೆ, ದಯವಿಟ್ಟು, ಬಡಿಸಿದವರಿಗೆ ಮೊದಲೇ ಒಂದು ಮಾತು ಹೇಳಿ.

ನಮ್ಮ ಈ ಲೆಕ್ಕ ಅಮೆರಿಕಕ್ಕೆ ಓದಲು ಹೋದ ಮಕ್ಕಳಿಗೆ ಹೊಂದುವುದಿಲ್ಲ. ನನ್ನ ಅಕ್ಕನ ಮಗ ಟೆಕ್ಸಾಸಿನಿಂದ ಫೋನ್ ಮಾಡಿ, "ಮಾಮಾ, 20 ಡಾಲರ್ ಊಟಕ್ಕೆ 4 ಡಾಲರ್ ಟಿಪ್ಸಂತೆ, ಇದು ನ್ಯಾಯವಾ?" ಅಂದ. ಅಲ್ಲಿ ಶೇಕಡಾ 15ರಿಂದ 20 ರೂಢಿ. ಕಾರಣ ಏನೆಂದರೆ, ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಲೇಬೇಕಾದ ಕೂಲಿ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಏರಿಲ್ಲ. ಟಿಪ್ಸ್ ಸೇರಿಸಿಯೂ ಗಂಟೆಗೆ 7 ಡಾಲರ್ 25 ಸೆಂಟ್ ಆಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕನಿಷ್ಠ ಕೂಲಿ ಕೊಡುತ್ತಾರೆ. ಆದರೂ ಟಿಪ್ಸಿನ ರೂಢಿ ಉಳಿದಿದೆ. ಟೆಕ್ಸಾಸಿನಲ್ಲಿ ಟಿಪ್ಸೇ ಅವರ ಸಂಬಳದ ದೊಡ್ಡ ಭಾಗ. ಅದಕ್ಕೇ ಅವನಿಗೆ ಹೇಳಿದೆ: "ಮಗಾ, ಆ 4 ಡಾಲರ್ ಸೇರಿಸಿ ಊಟಕ್ಕೆ 24 ಅಂತಲೇ ತಿಳ್ಕೋ. ಅಷ್ಟು ಇಲ್ಲದ ದಿನ ಕೌಂಟರಿನಲ್ಲಿ ನೀನೇ ತಗೊಂಡು ತಿನ್ನುವ ಜಾಗಕ್ಕೆ ಹೋಗು, ಇಲ್ಲಾ ಪಾರ್ಸೆಲ್ ತಗೋ. ಅಲ್ಲಿ ಪರದೆಯ ಮೇಲೆ ಟಿಪ್ಸ್ ಕೇಳಿದರೂ ಬೇಡ ಅಂತ ಒತ್ತಬಹುದು. ಕೂತು ಬಡಿಸಿಕೊಂಡು ಉಂಡು ಸುಮ್ಮನೆ ಎದ್ದು ಬರಬೇಡ." ತೆರಿಗೆ ಸೇರಿಸುವ ಮೊದಲಿನ ಮೊತ್ತಕ್ಕೆ ಲೆಕ್ಕ ಹಾಕಿದರೆ ಸಾಕು. ದೊಡ್ಡ ಗುಂಪಿನಲ್ಲಿ ಹೋದರೆ ಟಿಪ್ಸ್ ಬಿಲ್ಲಿನಲ್ಲೇ ಸೇರಿರಬಹುದು, ಓದಿ ನೋಡಬೇಕು.

ಇಲ್ಲಿ, ನಮ್ಮೂರಿನಲ್ಲಿ, ನಿಜವಾಗಿಯೂ ಏನೂ ಕೊಡಲಾಗದ ದಿನ ಬಂದೇ ಬರುತ್ತದೆ. ಆ ದಿನ ಮಾಡಬಹುದಾದ್ದು ಏನು ಅಂತ ಚಿಕ್ಕಪ್ಪನನ್ನೇ ಕೇಳಿದ್ದೆ. ತಟ್ಟೆಯಲ್ಲಿ ಕೈ ತೊಳೆಯಬೇಡಿ ಅಂದರು. ಅವರಿಗೆ ಎಲ್ಲಕ್ಕಿಂತ ಬೇಸರ ತರುತ್ತಿದ್ದದ್ದು ಅದು. ಲೋಟದೊಳಗೆ ಪೇಪರ್ ತುರುಕಬೇಡಿ. ರಶ್ ಇರುವಾಗ ತಿಂದ ಕೂಡಲೇ ಎದ್ದು ಜಾಗ ಬಿಡಿ, ಮುಂದಿನ ಗಿರಾಕಿಯಿಂದ ಅವರಿಗೆ ನಾಲ್ಕು ಕಾಸು ಸಿಗುತ್ತದೆ. ಚಿಟಿಕೆ ಹೊಡೆದು ಕರೆಯಬೇಡಿ. "ಏ ಮಾಣಿ" ಅಂತ ಕೂಗಿಸಿಕೊಂಡು ಅವರಿಗೆ 40 ವಯಸ್ಸಾಗಿತ್ತು.

ಚಿಕ್ಕಪ್ಪ ಈಗ ಊರಲ್ಲಿದ್ದಾರೆ. ಹೋದ ತಿಂಗಳು ನಮ್ಮನೆಗೆ ಬಂದಿದ್ದಾಗ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದೆ. ಇಡ್ಲಿ, ಕಾಫಿ. ಬಿಲ್ಲು ನಾನು ಕೊಟ್ಟೆ. ಟಿಪ್ಸ್ ಕೊಡಲು ಅವರು ಬಿಡಲಿಲ್ಲ, ತಾವೇ ಎರಡು 10ರ ನೋಟು ತೆಗೆದರು. ತಟ್ಟೆಯಲ್ಲಿ ಇಡಲಿಲ್ಲ. ಒಂದನ್ನು ಸಪ್ಲೈಯರ್ ಕೈಗೆ ಕೊಟ್ಟರು. ಇನ್ನೊಂದನ್ನು ಬಕೆಟ್ ಹಿಡಿದು ಟೇಬಲ್ ಒರೆಸುತ್ತಿದ್ದ ಹುಡುಗನ ಕಡೆ ಚಾಚಿದರು. ಆ ಹುಡುಗ ನೋಟು ತಗೊಂಡು, ಸಪ್ಲೈಯರಿಗೆ ಕೊಡಲು ಹೇಳಿದರೇನೋ ಅಂತ ಅವನ ಕಡೆ ಹೊರಟ. ಚಿಕ್ಕಪ್ಪ ಅವನ ತೋಳು ಹಿಡಿದು ನಿಲ್ಲಿಸಿದರು.

"ಅದು ನಿಂಗೇ ಮಾರಾಯ, ಜೇಬಲ್ಲಿ ಇಟ್ಕೋ."

ನಮಸ್ಕಾರ.