ಮನಕೂರಾ ದ್ವೀಪದ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಲಿವುಡ್ಡಿನ ಹಳೆಯ ದ್ವೀಪ ಸಾಹಸ ಚಿತ್ರಗಳ ಬಗ್ಗೆ ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನಾನು ಹತ್ತಾರು ಚಿತ್ರಗಳ ಗೊಡವೆಗೆ ಹೋಗದೆ ಒಂದನ್ನೇ ಆರಿಸಿಕೊಂಡೆ. ಅದು ಜಾನ್ ಫೋರ್ಡ್ ನಿರ್ದೇಶಿಸಿ, ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ನಿರ್ಮಿಸಿದ 1937ರ ‘ದಿ ಹರಿಕೇನ್’. ಈ ಚಿತ್ರದ ಚಂಡಮಾರುತವನ್ನು ಎಲ್ಲರೂ ಕಣ್ಣರಳಿಸಿ ನೋಡುತ್ತಾರೆ, ಆದರೆ ಕಿವಿಗೊಟ್ಟು ಕೇಳುವವರು ಕಡಿಮೆ. ಶಬ್ದಗ್ರಹಣದ ಕೆಲಸದಲ್ಲೇ ತಲೆ ನರೆತ ನನ್ನಂಥವನಿಗೆ ಇದೊಂದು ಹಳೆಯ ಅಸಮಾಧಾನ.

ಕಥೆ ಸರಳವಾದದ್ದು. ಫ್ರೆಂಚರ ಆಳ್ವಿಕೆಯಲ್ಲಿರುವ ದಕ್ಷಿಣ ಸಮುದ್ರದ ಮನಕೂರಾ ಎಂಬ ಕಾಲ್ಪನಿಕ ದ್ವೀಪದಲ್ಲಿ ಟೆರಾಂಗಿ ಎಂಬ ಹಡಗುಗಾರ ಹೊಸದಾಗಿ ಮದುವೆಯಾಗಿರುತ್ತಾನೆ. ಟಹೀಟಿಯಲ್ಲಿ ತನ್ನನ್ನು ಅವಮಾನಿಸಿದ ಬಿಳಿಯನೊಬ್ಬನಿಗೆ ಹೊಡೆದ ತಪ್ಪಿಗೆ ಅವನಿಗೆ ಆರು ತಿಂಗಳ ಸೆರೆಮನೆಯಾಗುತ್ತದೆ. ಕಾನೂನೆಂದರೆ ಕಾನೂನು ಎನ್ನುವ ಗವರ್ನರನು ಅವನ ಪರವಾಗಿ ಒಂದು ಮಾತನ್ನೂ ಆಡುವುದಿಲ್ಲ. ಟೆರಾಂಗಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದಷ್ಟೂ ಶಿಕ್ಷೆ ಬೆಳೆಯುತ್ತ ವರ್ಷಗಟ್ಟಲೆಯಾಗುತ್ತದೆ. ಕೊನೆಗೂ ಅವನು ಪಾರಾಗಿ ಚಿಕ್ಕ ದೋಣಿಯಲ್ಲಿ ಊರು ಸೇರುವ ಹೊತ್ತಿಗೆ ಚಂಡಮಾರುತವೂ ಬಂದು ಸೇರುತ್ತದೆ. ಜಾನ್ ಹಾಲ್ ನಾಯಕ, ಡೊರೊಥಿ ಲಾಮೂರ್ ನಾಯಕಿ. ಲಾಮೂರ್ ಉಟ್ಟ ಸರೋಂಗ್ ಎಂಬ ಲುಂಗಿಯಂಥ ಉಡುಪಿನ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆದಿರುವುದರಿಂದ ನಾನು ಅದರ ತಂಟೆಗೆ ಹೋಗುವುದಿಲ್ಲ.

ಈ ಬಿರುಗಾಳಿಯನ್ನು ಕಟ್ಟಿದವನು ಜೇಮ್ಸ್ ಬಸೇವಿ. ಹಿಂದಿನ ವರ್ಷವಷ್ಟೇ ‘ಸ್ಯಾನ್ ಫ್ರಾನ್ಸಿಸ್ಕೊ’ ಚಿತ್ರಕ್ಕಾಗಿ ಭೂಕಂಪವನ್ನು ಸೃಷ್ಟಿಸಿ ಹೆಸರು ಮಾಡಿದ್ದವನು. ಅವನ ಕೈಗೆ ನಾಲ್ಕು ಲಕ್ಷ ಡಾಲರ್ ಕೊಡಲಾಯಿತೆಂದೂ, ಅದರಲ್ಲಿ ಒಂದೂವರೆ ಲಕ್ಷವನ್ನು ಅವನು ದ್ವೀಪದ ಹಳ್ಳಿಯನ್ನು ಕಟ್ಟಲು, ಉಳಿದ ಎರಡೂವರೆ ಲಕ್ಷವನ್ನು ಅದೇ ಹಳ್ಳಿಯನ್ನು ಧ್ವಂಸಮಾಡಲು ಖರ್ಚುಮಾಡಿದನೆಂದೂ ಹಾಲಿವುಡ್ಡಿನಲ್ಲಿ ಇಂದಿಗೂ ಹೇಳುತ್ತಾರೆ. ಕಟ್ಟಿದ್ದಕ್ಕಿಂತ ಕೆಡವಿದ್ದಕ್ಕೇ ಹೆಚ್ಚು ಖರ್ಚು! ಒಂದು ತಂಡ ಸಮೋವಾದ ಪಾಗೊ ಪಾಗೊವರೆಗೂ ಹೋಗಿ ಹೊರಾಂಗಣ ದೃಶ್ಯಗಳನ್ನು ಹಿಡಿದು ತಂದಿತ್ತಾದರೂ, ಬಿರುಗಾಳಿ ಬೀಸಿದ್ದು ಹಾಲಿವುಡ್ಡಿನ ಸ್ಟುಡಿಯೋ ಅಂಗಳದಲ್ಲೇ, ಸುಮಾರು ಇನ್ನೂರು ಗಜ ಉದ್ದದ ಕೃತಕ ಕಡಲಕೊಳದ ದಡದಲ್ಲಿ. ಎತ್ತರದ ತೊಟ್ಟಿಗಳಿಂದ ನೀರನ್ನು ಇಳಿಜಾರು ಕಾಲುವೆಗಳಲ್ಲಿ ಒಮ್ಮೆಗೇ ಬಿಟ್ಟು ಅಲೆಗಳನ್ನು ಎಬ್ಬಿಸಿದರು. ದೊಡ್ಡ ದೊಡ್ಡ ಪ್ರೊಪೆಲರ್‌ಗಳನ್ನು ತಿರುಗಿಸಿ ಗಾಳಿ ಎಬ್ಬಿಸಿದರು. ಗವರ್ನರನ ಹೆಂಡತಿಯ ಪಾತ್ರ ಮಾಡಿದ ಮೇರಿ ಆಸ್ಟರ್ ಮುಂದೆ ತಮ್ಮ ನೆನಪುಗಳಲ್ಲಿ, ಆ ಗಾಳಿಯ ಮರಳು ಮುಖಕ್ಕೆ ರಾಚಿ ಕೆನ್ನೆಯ ಮೇಲೆ ಸೂಜಿ ಚುಚ್ಚಿದಂತೆ ರಕ್ತದ ಚುಕ್ಕೆಗಳು ಮೂಡುತ್ತಿದ್ದವೆಂದು ಬರೆದಿದ್ದಾರೆ. ತೆರೆಯ ಮೇಲೆ ಅವರು ಮುಖ ಮುಚ್ಚಿಕೊಳ್ಳುವುದು ಪೂರ್ತಿ ಅಭಿನಯವಲ್ಲ.

ಈ ಕಥೆಯನ್ನು ಹೇಳಿದಾಗಲೆಲ್ಲ ಜನ ನೀರಿನ ಬಗ್ಗೆಯೇ ಕೇಳುತ್ತಾರೆ. ಎಷ್ಟು ನೀರು, ಎಷ್ಟು ತೊಟ್ಟಿ, ಯಾರಾದರೂ ಮುಳುಗಿದರೇ ಎಂದು. ದಯವಿಟ್ಟು ಗಾಳಿಯ ಬಗ್ಗೆ ಕೇಳಿ ಎನ್ನುವುದು ನನ್ನ ಕೋರಿಕೆ. ಪ್ರೊಪೆಲರ್ ಗಾಳಿಯನ್ನು ಎಬ್ಬಿಸುತ್ತದೆಯೇ ಹೊರತು ಗಾಳಿಯ ಸದ್ದನ್ನು ಕೊಡುವುದಿಲ್ಲ. ಅದು ಕೊಡುವುದು ಎಂಜಿನ್ನಿನ ಗುಡುಗನ್ನು. ಆದ್ದರಿಂದ ಗಾಳಿಯ ಸದ್ದನ್ನು ಬೇರೆಯಾಗಿಯೇ ಹುಟ್ಟಿಸಬೇಕು. ಆ ಕಾಲದ ನಾಟಕ ಮಂದಿರಗಳಲ್ಲೂ ಬಾನುಲಿ ನಿಲಯಗಳಲ್ಲೂ ಇದಕ್ಕೊಂದು ಸಾಧನವಿತ್ತು. ಮರದ ಪಟ್ಟಿಗಳನ್ನು ಜೋಡಿಸಿದ ಒಂದು ಉರುಳೆ, ಅದರ ಮೇಲೆ ಬಿಗಿಯಾಗಿ ಹಾಸಿದ ಕ್ಯಾನ್ವಾಸ್ ಬಟ್ಟೆ, ಪಕ್ಕದಲ್ಲಿ ಒಂದು ಹಿಡಿಕೆ. ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದರೆ ತಂಗಾಳಿ, ಜೋರಾಗಿ ತಿರುಗಿಸಿದರೆ ಬಿರುಗಾಳಿ.

ಆಗಿನ ಚಿತ್ರಗಳಲ್ಲಿ ಧ್ವನಿಯು ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಮುದ್ರಿತವಾಗುತ್ತಿತ್ತು. ಆ ಗೆರೆ ಹೊರಬಲ್ಲ ಸದ್ದಿಗೆ ಒಂದು ಮಿತಿಯಿತ್ತು. ಅದಕ್ಕಿಂತ ಜೋರಾಗಿಸಲು ಹೋದರೆ ಸದ್ದು ಒಡೆದು ಕರಕರ ಎನ್ನುತ್ತಿತ್ತು. ತಗ್ಗು ಚಾವಣಿಯ ಕೋಣೆಯಲ್ಲಿ ಎದ್ದು ನಿಂತವನು ಎತ್ತರವಾಗಿ ಕಾಣಬೇಕಾದರೆ ಅವನು ಮೊದಲು ಕುಳಿತಿರಬೇಕಲ್ಲವೆ? ದೊಡ್ಡ ಸದ್ದು ದೊಡ್ಡದೆನಿಸಬೇಕಾದರೆ ಅದಕ್ಕೆ ಮೊದಲಿನ ಸದ್ದು ಸಣ್ಣದಾಗಿರಲೇಬೇಕು. ಜನರೆಲ್ಲ ಚರ್ಚಿನಲ್ಲಿ ಸೇರಿ ಪ್ರಾರ್ಥಿಸುವ ದೃಶ್ಯ ಬಂದಾಗ ಕಣ್ಣು ಮುಚ್ಚಿಕೊಂಡು ಕೇಳಿ. ಗೋಡೆ ಒಳಗಿನ ಮನುಷ್ಯರ ದನಿ ಮತ್ತು ಹೊರಗಿನ ಗಾಳಿ, ಇವೆರಡರ ನಡುವಿನ ಜಗಳವೇ ಆ ದೃಶ್ಯದ ಜೀವ.

ಶಬ್ದಗ್ರಹಣಕ್ಕಾಗಿ ಥಾಮಸ್ ಮೌಲ್ಟನ್ನರಿಗೆ ಆಸ್ಕರ್ ಬಂದಿತು. ಈ ಚಿತ್ರಕ್ಕೆ ಬಂದ ಆಸ್ಕರ್ ಅದೊಂದೇ. ಬಸೇವಿಯ ಕೆಲಸಕ್ಕೆ ಬಹುಮಾನ ಕೊಡೋಣವೆಂದರೆ ಅಂದು ವಿಶೇಷ ಪರಿಣಾಮಗಳಿಗೆ ವಾರ್ಷಿಕ ಪ್ರಶಸ್ತಿಯ ವಿಭಾಗವೇ ಇರಲಿಲ್ಲ. ಅದು ಆರಂಭವಾದಾಗ ಮೊದಲು ಗೆದ್ದದ್ದು 1939ರ ‘ದಿ ರೇನ್ಸ್ ಕೇಮ್’, ಭಾರತದ ಒಂದು ಕಾಲ್ಪನಿಕ ಸಂಸ್ಥಾನದಲ್ಲಿ ಭೂಕಂಪ ಮತ್ತು ಪ್ರವಾಹ ಆಗುವ ಚಿತ್ರ.

ಆಲ್ಫ್ರೆಡ್ ನ್ಯೂಮನ್ನರ ಸಂಗೀತ ಮತ್ತು ವೈದ್ಯನಾಗಿ ನಟಿಸಿದ ಥಾಮಸ್ ಮಿಚೆಲ್ಲರ ಬಗ್ಗೆ ಹೇಳಬೇಕೆಂದಿದ್ದೆ, ಆದರೆ ಗಾಜಿನಾಚೆಯಿಂದ ಸಮಯದ ಸನ್ನೆ ಬಂದಾಗಿದೆ. 1979ರಲ್ಲಿ ಇದೇ ಕಥೆಯನ್ನು ಬೋರಾ ಬೋರಾ ಎಂಬ ನಿಜವಾದ ದ್ವೀಪಕ್ಕೆ ಹೋಗಿ, ಬಣ್ಣದಲ್ಲಿ ಮತ್ತೆ ತೆಗೆದರು, ಚಿತ್ರ ಸೋತಿತು. ನೀವು 1937ರದ್ದನ್ನೇ ನೋಡಿ. ನೋಡುವಾಗ ಆರಂಭದ ಸಂಭಾಷಣೆ ಸ್ಪಷ್ಟವಾಗಿ ಕೇಳಿಸುವಷ್ಟಕ್ಕೆ ಟಿವಿಯ ಧ್ವನಿಯನ್ನು ಹೊಂದಿಸಿಕೊಳ್ಳಿ, ಬಿರುಗಾಳಿ ಬಂದಾಗ ಮನೆಯವರು ಎಷ್ಟೇ ಗೊಣಗಿದರೂ ರಿಮೋಟನ್ನು ಮುಟ್ಟಬೇಡಿ. ನಮಸ್ಕಾರ.