ಚುಕ್ಕಿಯ ಹೆಜ್ಜೆ ತಪ್ಪಿದ ದಿನ

ಈ ದೃಶ್ಯವನ್ನು ಇದುವರೆಗೆ ನನ್ನ ಯಾವ ವ್ಲಾಗ್‌ನಲ್ಲೂ ತೋರಿಸಿಲ್ಲ. ಮಾರ್ಚ್ ತಿಂಗಳು, ಬೆಳಗ್ಗೆ ಹತ್ತೂವರೆ. ಇದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂದಿನ ಬೇಣ, ದನ ಮೇಯುವ ಹುಲ್ಲಿನ ಗುಡ್ಡ. ಮಳೆಗಾಲದಲ್ಲಿ ಮೊಣಕಾಲೆತ್ತರ ಹಸಿರಾಗಿರುವ ಜಾಗ ಆಗ ಒಣಗಿ ಬೆಳ್ಳಗಾಗಿತ್ತು. ಮೇಲೆ ಕಾಣುವ ಐದು ದನಗಳು ಮಲೆನಾಡು ಗಿಡ್ಡ. ಅವುಗಳ ಸುತ್ತ ಅರೆಸುತ್ತು ಹಾಕಿ ಕೆಳಕ್ಕೆ ತರುತ್ತಿರುವವಳು ಚುಕ್ಕಿ, ಬಾರ್ಡರ್ ಕೋಲಿ ತಳಿಯ ನಮ್ಮ ನಾಲ್ಕು ವರ್ಷದ ನಾಯಿ. ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕಣ್ಣು ಕೀಲಿಸಿ ದನ ಹೊಡೆಯುವ ಈ ವಿದ್ಯೆಯನ್ನು ಅವಳಿಗೆ ನಾವು ಕಲಿಸಿದ್ದಲ್ಲ. ಹುಟ್ಟಿನಿಂದ ಬಂದದ್ದು.

ಈಗ ಅವಳ ಹಿಂಗಾಲುಗಳನ್ನು ನೋಡಿ. ತಿರುಗುವಾಗ ಒಂದು ಕಾಲು ಇನ್ನೊಂದಕ್ಕೆ ಅಡ್ಡ ಬಂತು. ಪಾದದ ತುದಿ ನೆಲವನ್ನು ಗೀಚುತ್ತಿದೆ. ಒಣಹುಲ್ಲಿನ ಮೇಲೆ ಆ ಪರಪರ ಸದ್ದು ನಿಮಗೂ ಕೇಳಿಸುತ್ತದೆ. ನಾನು ಹೆಸರು ಹಿಡಿದು ಕರೆಯುತ್ತಿದ್ದೇನೆ, ಅವಳ ಕಿವಿ ಅಲುಗುವುದಿಲ್ಲ. ಕಣ್ಣು ತೆರೆದೇ ಇದೆ, ಆದರೆ ನೋಟ ನನ್ನನ್ನು ದಾಟಿ ಎಲ್ಲೋ ಹೋಗಿದೆ. ಪಕ್ಕಕ್ಕೆ ವಾಲಿದಳು, ಬಿದ್ದಳು. ಇಲ್ಲಿ ಮೊಬೈಲ್ ನನ್ನ ಕೈಯಿಂದ ಜಾರಿದೆ. ಮುಂದೆ ಕಾಣುವುದು ಆಕಾಶ, ಒಂದು ಮತ್ತಿ ಮರದ ಕೊಂಬೆ.

ಹಾವು. ನನ್ನ ತಲೆಗೆ ಬಂದದ್ದು ಅದೊಂದೇ. ನಮ್ಮ ಕಡೆ ನಾಯಿ ಇದ್ದಕ್ಕಿದ್ದಂತೆ ಬಿದ್ದರೆ ಯಾರೇ ಆದರೂ ಮೊದಲು ಹುಡುಕುವುದು ಹಲ್ಲಿನ ಗುರುತನ್ನು. ಅವಳನ್ನು ಹೆಗಲಿಗೆ ಹಾಕಿಕೊಂಡು ಅಬ್ಬಿ ನೀರಿನ ತೊಟ್ಟಿಯವರೆಗೆ ಓಡಿದೆ. ಪಕ್ಕದ ಮನೆಯವರು ಈರುಳ್ಳಿ ಹೆಚ್ಚಿಕೊಂಡು ಬಂದರು, ಮೂಗಿಗೆ ಹಿಡಿಯಲು. ನಾನು ತಲೆಯನ್ನು ಮೇಲೆತ್ತಿ ಹಿಡಿದು ಮೈಯನ್ನೆಲ್ಲ ನೀರಿನಲ್ಲಿ ನೆನೆಸಿದೆ. ಬಾಯಿಗೆ ಮಾತ್ರ ನೀರು ಹೊಯ್ಯಲಿಲ್ಲ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹನ್ನೆರಡು ನಿಮಿಷಕ್ಕೆ ಕತ್ತು ಎತ್ತಿದಳು. ಇಪ್ಪತ್ತು ನಿಮಿಷಕ್ಕೆ ಎದ್ದು ನಿಂತು ಮೈ ಕೊಡವಿ, ಮತ್ತೆ ಬೇಣದ ಕಡೆ ಮುಖ ಮಾಡಿದಳು. ದನಗಳು ಇನ್ನೂ ಮೇಲೆಯೇ ಇದ್ದವಲ್ಲ.

ಆ ಮಧ್ಯಾಹ್ನವೇ ಶಿವಮೊಗ್ಗಕ್ಕೆ ಹೋದೆವು. ಕಚ್ಚಿದ ಗುರುತಿಲ್ಲ. ಮಂಗನ ಕಾಯಿಲೆಯ ಜಿಲ್ಲೆಯವರು ನಾವು, ಅದನ್ನು ಹರಡುವ ಉಣುಗು ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಉಣುಗಿನ ಜ್ವರದ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಹೃದಯ, ರಕ್ತದ ಸಕ್ಕರೆ ಎಲ್ಲ ಸರಿ. ಕೊನೆಗೆ ಈ ವಿಡಿಯೊ ತೋರಿಸಿದೆ. ವೈದ್ಯರು ಕಾಲು ಅಡ್ಡ ಬರುವ ಆ ಭಾಗವನ್ನು ಮೂರು ಸಲ ನೋಡಿ, ಇದಕ್ಕೆ ಬಾರ್ಡರ್ ಕೋಲಿ ಕೊಲ್ಯಾಪ್ಸ್, ಅಂದರೆ ಬಾರ್ಡರ್ ಕೋಲಿಗಳ ಕುಸಿತ, ಎಂಬ ಹೆಸರಿದೆ ಎಂದರು. ನಾಯಿ ಆಸ್ಪತ್ರೆಗೆ ಬರುವಷ್ಟರಲ್ಲಿ ಸರಿಹೋಗಿರುತ್ತದೆ, ರಕ್ತವೂ ಸುಳಿವು ಕೊಡುವುದಿಲ್ಲ. ಹಾಗಾಗಿ ಬೇರೆ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯುವ ಗಟ್ಟಿ ಸಾಕ್ಷಿ ಇಂಥ ಚಿತ್ರವೇ. ನಿಮ್ಮ ನಾಯಿಯೂ ಹೀಗೆ ತೂರಾಡಿದರೆ ಒಬ್ಬರು ನೀರು ಹಾಕಿ, ಇನ್ನೊಬ್ಬರು ದಯವಿಟ್ಟು ಮೊಬೈಲ್ ಹಿಡಿಯಿರಿ.

ಐದರಿಂದ ಹದಿನೈದು ನಿಮಿಷದ ಬಿರುಸಿನ ಓಟ, ಅದೂ ಬಿಸಿಲಿನಲ್ಲಿ. ಹೆಚ್ಚಾಗಿ ದನ ಕುರಿ ಹೊಡೆಯುವಾಗ, ಇಲ್ಲವೇ ಮತ್ತೆ ಮತ್ತೆ ಚೆಂಡು ಎಸೆದು ಆಡಿಸುವಾಗ ಇದು ಬರುತ್ತದೆ. ಆಸ್ಟ್ರೇಲಿಯನ್ ಕೆಲ್ಪಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್‌ನಂಥ ಮಂದೆ ಹೊಡೆಯುವ ಬೇರೆ ತಳಿಗಳಲ್ಲೂ ಕಂಡಿದೆ. ಬರೀ ಬಿಸಿಲಿನ ಹೊಡೆತ ಎಂದು ನಾನು ಅಂದುಕೊಂಡಿದ್ದೆ. ಆದರೆ ಅಮೆರಿಕ ಮತ್ತು ಕೆನಡಾದ ಪಶುವೈದ್ಯರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಸಿಯುವ ನಾಯಿಗಳನ್ನೂ ಕುಸಿಯದ ನಾಯಿಗಳನ್ನೂ ಒಂದೇ ರೀತಿ ಓಡಿಸಿ ನೋಡಿದರು. ಎರಡೂ ಗುಂಪಿನ ಮೈಬಿಸಿ ಹೆಚ್ಚುಕಡಿಮೆ ಒಂದೇ ತೆರನಾಗಿ ಏರಿತು. ಅಷ್ಟೇ ಬಿಸಿಗೆ ಒಂದು ನಾಯಿಯ ಮಿದುಳು ಮಂಕಾಗುತ್ತದೆ, ಇನ್ನೊಂದರದು ಆಗುವುದಿಲ್ಲ.

ಹಾಗಾದರೆ ವಂಶದಿಂದಲೇ ಬಂದದ್ದೇ? ಲ್ಯಾಬ್ರಡಾರ್‌ಗಳಲ್ಲಿ ಇದರ ದಾಯಾದಿಯಂಥ ಕುಸಿತವೊಂದಿದೆ. ಅದಕ್ಕೆ ಕಾರಣವಾದ ಡೈನಮಿನ್-1 ಜೀನಿನ ದೋಷ 2008ರಲ್ಲಿ ಪತ್ತೆಯಾಯಿತು. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ದೋಷದ ಪ್ರತಿಗಳೇ ಬಂದರೆ ಕಾಯಿಲೆ. ಅದಕ್ಕೆ ಪರೀಕ್ಷೆಯಿದೆ, ಫಲಿತಾಂಶ ನೋಡಿಕೊಂಡು ಜೋಡಿ ಮಾಡಬಹುದು. ಕುಸಿಯುವ ಬಾರ್ಡರ್ ಕೋಲಿಗಳಲ್ಲಿ ಆ ದೋಷ ಇಲ್ಲ. ಒಂದೇ ಜೀನಿನ ಸರಳ ಲೆಕ್ಕಕ್ಕೆ ಇದು ಸಿಗುತ್ತಿಲ್ಲ. ಹಲವು ಜೀನುಗಳು ಸೇರಿ, ಬಿಸಿಲೂ ಉತ್ಸಾಹವೂ ಕೂಡಿ ತರುವ ತೊಂದರೆ ಇರಬೇಕು ಎಂಬುದು ತಿಳಿದವರ ಅನುಮಾನ. ಈ ತಳಿಯ ಬಹುತೇಕ ವಂಶಾವಳಿಗಳು 1893ರಲ್ಲಿ ಇಂಗ್ಲೆಂಡಿನ ಉತ್ತರದ ಗಡಿಯಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಒಂದೇ ಗಂಡುನಾಯಿಯನ್ನು ಮುಟ್ಟುತ್ತವೆ. ಒಂದೇ ಹೋರಿಯ ಕರುಗಳು ಊರು ತುಂಬಿದರೆ ಏನಾಗುತ್ತದೆಂದು ದನ ಸಾಕಿದವರಿಗೆ ಹೇಳಬೇಕಿಲ್ಲ. ಹೋರಿಯ ಒಳ್ಳೆಯ ಗುಣದ ಜೊತೆ ಅದರ ಊನವೂ ಮನೆಮನೆಗೆ ಹೋಗುತ್ತದೆ.

ಚುಕ್ಕಿಯ ಒಡಹುಟ್ಟಿದ ಗಂಡು ಸಾಗರದಲ್ಲಿದೆ. ಅದನ್ನು ಸಾಕಿದವರಿಗೆ ಫೋನ್ ಮಾಡಿ ಕೇಳಿದೆ. "ಹಾಗೇನೂ ಇಲ್ಲ, ಚೆಂಡಾಟ ಆಡಿದ ಮೇಲೆ ಸ್ವಲ್ಪ ತೂರಾಡಿ ಮಲಗುತ್ತಾನೆ, ಸೋಮಾರಿ" ಎಂದರು. ಆ ಮಾತು ಕೇಳಿ ಕೈ ತಣ್ಣಗಾಯಿತು. ಈ ವಿಡಿಯೊವನ್ನು ಅವರಿಗೆ ಕಳಿಸಿದೆ. ಅರ್ಧ ಗಂಟೆಯ ನಂತರ ಅವರೇ ಕರೆ ಮಾಡಿದರು, "ನಮ್ಮವನೂ ಹೀಗೇ" ಎಂದು.

ಅಲ್ಲಿಗೆ ನನ್ನ ತೀರ್ಮಾನವಾಯಿತು. ಚುಕ್ಕಿ ದನ ತರುವ ಚಂದ ನೋಡಿ ಮರಿ ಬೇಕೆಂದು ಆರು ಮನೆಯವರು ಹೇಳಿಟ್ಟಿದ್ದರು, ಒಬ್ಬರು ಮುಂಗಡವನ್ನೂ ಕೊಟ್ಟಿದ್ದರು. ಹಣ ಹಿಂದಿರುಗಿಸಿ, ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ. ಪರೀಕ್ಷೆ ಇಲ್ಲದ ಕಾಯಿಲೆಗೆ, ಬಿದ್ದ ನಾಯಿಯಿಂದ ಮರಿ ಹಾಕಿಸದಿರುವುದೇ ನನ್ನ ಕೈಯಲ್ಲಿದ್ದ ಪರೀಕ್ಷೆ. ಮರಿ ಕೊಳ್ಳುವವರು ತಾಯಿ ತಂದೆಯ ಪ್ರಶಸ್ತಿ ಕೇಳುವ ಮೊದಲು, ಬಿಸಿಲಿನಲ್ಲಿ ಓಡಿ ಎಂದಾದರೂ ಬಿದ್ದಿದ್ದಾವೆಯೇ ಎಂದು ಕೇಳಿ.

ಇದು ಇಂದು ಬೆಳಗ್ಗೆ ಆರೂವರೆಯ ಚಿತ್ರ. ಬೇಣದ ಮೇಲೆ ಮಂಜು ಇನ್ನೂ ಎದ್ದಿಲ್ಲ. ಐದು ನಿಮಿಷಕ್ಕೊಮ್ಮೆ ಕರೆಯುತ್ತೇನೆ. ಬರಲು ಅವಳಿಗೆ ಮನಸ್ಸಿರುವುದಿಲ್ಲ, ಆದರೂ ಬರುತ್ತಾಳೆ. ಹಿಂಗಾಲುಗಳನ್ನು ನೋಡುತ್ತೇನೆ, ಹೆಜ್ಜೆ ನೇರವಾಗಿದೆ. ಈಗ ತೊಟ್ಟಿಯ ಪಕ್ಕದ ಒದ್ದೆ ಮಣ್ಣಿನಲ್ಲಿ ಹೊಟ್ಟೆ ಊರಿ ಮಲಗಿದ್ದಾಳೆ, ಕಣ್ಣು ಮಾತ್ರ ಮೇಲಿರುವ ಕಪ್ಪು ದನದ ಮೇಲೆಯೇ ಇದೆ.